ಒಂದು ಶನಿವಾರಕ್ಕೆ ಒಂದೇ ಜಾಗ

ರೈಲಿನಿಂದ ಇಳಿದ ಕೂಡಲೇ ಹಿಂದಕ್ಕೆ ತಿರುಗಿ ನೋಡುವ ಚಾಳಿ ನನಗೆ ಇನ್ನೂ ಹೋಗಿಲ್ಲ. ಟ್ಯೂಬಿನ, ಅಂದರೆ ಲಂಡನ್ನಿನ ನೆಲದಡಿಯ ರೈಲಿನ, ಬಾಗಿಲು ತೆರೆದದ್ದೇ ತಡ, ಜನ ಇಳಿದು ಮೆಟ್ಟಿಲಿನ ಕಡೆಗೆ ಓಡುತ್ತಾರೆ. ನಾನು ಮಾತ್ರ ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಎಲ್ಲರೂ ಇಳಿದರೋ ಇಲ್ಲವೋ ಎಂದು ನೋಡುತ್ತೇನೆ. ಎಲ್ಲರೂ ಎಂದರೆ ಯಾರು? ನನ್ನ ಜೊತೆಗೆ ಬಂದವರು ಯಾರೂ ಇರುವುದಿಲ್ಲ. ಇರುವುದು ನಾನು, ನನ್ನ ಕೈಚೀಲ, ಮಳೆ ಬಂದರೆ ಇರಲಿ ಎಂದು ತಂದ ಕೊಡೆ. ಮೊನ್ನೆ ಹೀಗೇ ತಿರುಗಿ ನೋಡಿದಾಗ ಒಳಗೆ ಕುಳಿತಿದ್ದ ಒಬ್ಬ ಮುದುಕ ನಾನು ನೋಡಿದ್ದು ತನ್ನನ್ನೇ ಎಂದು ತಿಳಿದು ಟೋಪಿ ಎತ್ತಿ ನಕ್ಕ. ನಾನೂ ನಕ್ಕೆ. ಅಷ್ಟರಲ್ಲಿ ಬಾಗಿಲು ಮುಚ್ಚಿತು. ಐವತ್ತೈದು ದಾಟಿದ ಹೆಂಗಸಿಗೆ ಇದಾದರೂ ಸಿಕ್ಕಿತಲ್ಲ ಎಂದುಕೊಂಡು ಮನೆಗೆ ಬಂದೆ.

ಈ ಚಾಳಿ ಹತ್ತಿದ್ದು ಶತಮಾನ ಮುಗಿಯುವ ಹೊತ್ತಿಗೆ. ಹೊಸ ವರ್ಷದ ದಿನ ಪ್ರಪಂಚದ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕೈಕೊಡುತ್ತವೆ ಎಂದು ದೊಡ್ಡ ದೊಡ್ಡವರೆಲ್ಲ ಹೆದರಿಕೊಂಡಿದ್ದರಲ್ಲ, ಆ ಕಾಲ. ಆ ಹೆದರಿಕೆಯ ದೆಸೆಯಿಂದ ನಮ್ಮ ಕಡೆಯ ಎಷ್ಟೋ ಇಂಜಿನಿಯರುಗಳಿಗೆ ಲಂಡನ್ ನೋಡುವ ಯೋಗ ಬಂತು. ಅವರ ದೆಸೆಯಿಂದ ನನಗೆ ಎರಡು ಮಕ್ಕಳು ಸಿಕ್ಕಿದವು. ಸಿಕ್ಕಿದ್ದು ಶನಿವಾರಗಳ ಮಟ್ಟಿಗೆ. ಮಕ್ಕಳು ನನ್ನವಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಮದುವೆಯಾಗಿಲ್ಲ. ಯಾಕಾಗಲಿಲ್ಲ ಎಂದು ಕೇಳುವವರಿಗೆ ಹೇಳಲು ರಸವತ್ತಾದ ಕತೆಯೂ ಇಲ್ಲ. ತಂಗಿಯರದ್ದು ಮುಗಿಯಲಿ ಎಂದು ಕಾದೆ. ಮುಗಿದ ಮೇಲೆ ನನ್ನನ್ನು ಯಾರೂ ಕೇಳಲಿಲ್ಲ.

ಹುಟ್ಟೂರು ಉಡುಪಿಯ ಕಡೆ. ಮನೆಮಾತು ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ. ಹಾಗಾಗಿ ದೇವರ ಹತ್ತಿರ ಮಾತಾಡುವುದು ಕೊಂಕಣಿಯಲ್ಲಿ, ನಿಮ್ಮ ಹತ್ತಿರ ಕನ್ನಡದಲ್ಲಿ. ಇಪ್ಪತ್ತೈದರ ಆಸುಪಾಸಿನಲ್ಲಿ ಕೊಲ್ಲಿಯ ಒಂದು ಶ್ರೀಮಂತ ಮನೆಗೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದೆ. ಆ ಮನೆಯವರು ಬೇಸಗೆಗೆ ಲಂಡನ್ನಿಗೆ ಬರುವಾಗ ಮಕ್ಕಳ ಜೊತೆಗೆ ನನ್ನನ್ನೂ ತಂದರು. ಕೆಲವು ವರ್ಷ ಹೀಗೆ ಬಂದು ಹೋದ ಮೇಲೆ ಅವರು ಹಿಂದಿರುಗಿದರು, ನಾನು ಉಳಿದೆ. ಅಲ್ಲಿ ಇಲ್ಲಿ ಇದ್ದು ಕಡೆಗೆ ಹೌನ್ಸ್ಲೋದಲ್ಲಿ ಒಂದು ಬಾಡಿಗೆ ಕೋಣೆ, ವಿಮಾನ ನಿಲ್ದಾಣದ ಹತ್ತಿರದ ಒಂದು ಅಡುಗೆ ಕಾರ್ಖಾನೆಯಲ್ಲಿ ಕೆಲಸ ಎಂದು ನೆಲೆಯಾಯಿತು. ವಿಮಾನದಲ್ಲಿ ನಿಮ್ಮ ಮುಂದೆ ಬಂದು ಕೂರುವ ಊಟದ ಟ್ರೇ ಇದೆಯಲ್ಲ, ಅದರಲ್ಲಿ ಬನ್ನು, ಬೆಣ್ಣೆ, ಚಮಚ ಜೋಡಿಸುವ ಕೆಲಸ. ಪ್ರಪಂಚ ಸುತ್ತುವವರಿಗೆಲ್ಲ ನಾನು ಬುತ್ತಿ ಕಟ್ಟಿದ್ದೇನೆ ಎಂದು ಊರಿನಲ್ಲಿ ಹೇಳಿಕೊಳ್ಳಬಹುದು.

ಮಕ್ಕಳ ಗಾಡಿ ತಳ್ಳುತ್ತಾ ಲಂಡನ್ ಕಲಿತವಳು ನಾನು. ಆದ್ದರಿಂದ ಈ ಊರಿನಲ್ಲಿ ಎಲ್ಲಿ ಮೆಟ್ಟಿಲಿದೆ, ಎಲ್ಲಿ ಇಳಿಜಾರಿದೆ, ಎಲ್ಲಿನ ಶೌಚಾಲಯ ಚೊಕ್ಕಟವಾಗಿದೆ, ಯಾವ ಪಾರ್ಕಿನ ಬಾತುಕೋಳಿ ಮಕ್ಕಳ ಕೈ ಕಚ್ಚುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಯಾವ ರಾಜ ಯಾವ ರಾಣಿಯ ತಲೆ ಕಡಿಸಿದ ಎಂದು ಕೇಳಿದರೆ ಮಾತ್ರ ಬಾಯಿಗೆ ಬಂದದ್ದು ಹೇಳುತ್ತೇನೆ.

ನಮ್ಮ ಕಡೆ ನೆಂಟರು ಬಂದರೆ ಊರು ತೋರಿಸುವುದು ಊಟ ಹಾಕಿದಷ್ಟೇ ದೊಡ್ಡ ಮರ್ಯಾದೆ. ನಮ್ಮೂರಿನಲ್ಲಿ ತೋರಿಸಲು ಏನಿತ್ತು ಎಂದು ಕೇಳಬೇಡಿ. ನಾವು ಇಗರ್ಜಿ ಎನ್ನುವ ಒಂದು ಚರ್ಚು, ಒಂದು ಹಂಚಿನ ಕಾರ್ಖಾನೆಯ ಚಿಮಣಿ, ಬಸ್ಸು ಹತ್ತಿದರೆ ಕಾಪುವಿನ ದೀಪಸ್ತಂಭ. ಪ್ರತಿ ಮೇ ತಿಂಗಳಲ್ಲಿ ಬೊಂಬಾಯಿಯಿಂದ ದೊಡ್ಡಪ್ಪನ ಮಕ್ಕಳು ಬರುತ್ತಿದ್ದರು. ಪ್ರತಿ ಮೇ ತಿಂಗಳಲ್ಲೂ ನಮ್ಮ ಅಪ್ಪ ಅವರನ್ನು ದೀಪಸ್ತಂಭಕ್ಕೆ ಹೊರಡಿಸುತ್ತಿದ್ದರು. ದೀಪ ಎಷ್ಟು ದೂರಕ್ಕೆ ಕಾಣುತ್ತದೆ, ಬಂಡೆಯ ಮೇಲೆಯೇ ಯಾಕೆ ಕಟ್ಟಿದರು, ಹಡಗಿನವರಿಗೆ ಅದು ಕಾಪುವೇ ಎಂದು ಹೇಗೆ ತಿಳಿಯುತ್ತದೆ, ಎಲ್ಲವನ್ನೂ ಅದೇ ಮಕ್ಕಳಿಗೆ ಪ್ರತಿ ವರ್ಷ ಹೊಸದಾಗಿ ವಿವರಿಸುತ್ತಿದ್ದರು. ಅವರು ಬೊಂಬಾಯಿಯ ಮಕ್ಕಳು, ನಯವಂತರು. ಪ್ರತಿ ವರ್ಷವೂ ಕಣ್ಣರಳಿಸಿ ಹೌದಾ ಎನ್ನುತ್ತಿದ್ದರು. ನನಗೆ ಅಪ್ಪನ ಬಗ್ಗೆ ನಾಚಿಕೆಯಾಗಿ ಬಂಡೆಯ ಸಂದಿಯ ಏಡಿಗಳ ಹಿಂದೆ ಹೋಗುತ್ತಿದ್ದೆ. ತೋರಿಸುವವರಿಗೆ ನೋಡುವವರ ಅಗತ್ಯ ಎಷ್ಟಿರುತ್ತದೆ ಎಂದು ಆ ವಯಸ್ಸಿನಲ್ಲಿ ಯಾರಿಗೆ ಗೊತ್ತಾಗುತ್ತದೆ ಹೇಳಿ.

ಇರಲಿ, ಸುಮಾಳ ವಿಷಯಕ್ಕೆ ಬರುತ್ತೇನೆ. ಅವಳು ಸಿಕ್ಕಿದ್ದು ಬಸ್ಸಿನ ಮೇಲಿನ ಅಂತಸ್ತಿನಲ್ಲಿ. ಬಸ್ಸು ಕೊನೆಯ ಸ್ಟಾಪಿಗೆ ಬಂದು ನಿಂತು, ಎಲ್ಲರೂ ಇಳಿದು ಹೋಗಿ, ಕೆಳಗಿನಿಂದ ಡ್ರೈವರ್ ಎರಡು ಸಲ ಕೂಗಿದರೂ ಮುಂದಿನ ಸೀಟಿನಲ್ಲಿ ಒಬ್ಬಳು ತಾಯಿ ಎರಡು ಮಕ್ಕಳನ್ನು ಅವಚಿಕೊಂಡು ಕೂತೇ ಇದ್ದಳು. ಬಸ್ಸು ಸುತ್ತು ಹೊಡೆದು ತನ್ನ ಮನೆಯ ಹತ್ತಿರಕ್ಕೇ ವಾಪಸು ಹೋಗುತ್ತದೆಂದು ಅವಳು ನಂಬಿದ್ದಳು. ಮೈಸೂರು ಕನ್ನಡದಲ್ಲಿ ಮಗನಿಗೆ ಸುಮ್ಮನೆ ಕೂತ್ಕೊಳೋ ಎಂದು ಗದರುತ್ತಿದ್ದಳು. ಇಲ್ಲಿಗೆ ಕೊನೆ, ಇಳಿಯಬೇಕು ಎಂದು ನಾನು ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತು, ಅವಳ ಕಣ್ಣಿನಲ್ಲಿ ನೀರು ಬಂದುಬಿಟ್ಟಿತು. ಬಂದು ಮೂರು ವಾರವಾಗಿತ್ತಂತೆ. ಗಂಡನನ್ನು ಬಿಟ್ಟರೆ ಬೇರೆ ಯಾವ ದೊಡ್ಡವರ ಜೊತೆಗೂ ಮಾತಾಡಿರಲಿಲ್ಲವಂತೆ.

ಗಂಡ ಪ್ರಸನ್ನ ಕಂಪ್ಯೂಟರ್ ಇಂಜಿನಿಯರು. ಹೊಸ ವರ್ಷದೊಳಗೆ ಮುಗಿಸಬೇಕಾದ ಕೆಲಸವಾದ್ದರಿಂದ ಅವರಿಗೆ ಶನಿವಾರವೂ ಆಫೀಸು. ಮಗ ನಿಖಿಲನಿಗೆ ಒಂಬತ್ತು, ಮಗಳಿಗೆ ಐದು. ಅವಳಿಗೊಂದು ದೊಡ್ಡ ಹೆಸರು ಇತ್ತು, ಎಲ್ಲರೂ ಕರೆಯುತ್ತಿದ್ದುದು ಪುಟ್ಟಿ ಎಂದು. ಒಂದೇ ಕೋಣೆಯ ಫ್ಲ್ಯಾಟಿನಲ್ಲಿ ಮಕ್ಕಳು ಗೋಡೆ ಹತ್ತುತ್ತಿದ್ದರು. ಸುಮಾಳಿಗೆ ಟ್ಯೂಬೆಂದರೆ ಹೆದರಿಕೆ. ಶನಿವಾರ ನನಗೆ ರಜೆ, ನಾನು ಊರು ತೋರಿಸುತ್ತೇನೆ ಎಂದೆ. ನಿಮಗೆ ತೊಂದರೆ ಎಂದಳು. ಏನು ತೊಂದರೆ ಎಂದೆ.

ತೊಂದರೆ ಏನೂ ಇರಲಿಲ್ಲ, ಸುತ್ತಿ ಬಳಸಿ ಹೇಳುವುದೇಕೆ. ನನ್ನ ಶನಿವಾರಗಳನ್ನು ನೀವು ನೋಡಿಲ್ಲ. ಬೆಳಿಗ್ಗೆ ಬಟ್ಟೆಯ ಮೂಟೆ ಹೊತ್ತು ಲಾಂಡ್ರಿಗೆ ಹೋಗಿ ಮೆಷಿನ್ನಿನ ಗಾಜಿನಲ್ಲಿ ನನ್ನದೇ ಲಂಗ ಸುತ್ತುವುದನ್ನು ನೋಡುತ್ತಾ ಕೂರುವುದು. ಮಧ್ಯಾಹ್ನ ಗಂಜಿ, ಒಣಮೀನಿನ ಚಟ್ನಿ. ಆಮೇಲೆ ಲೈಬ್ರರಿಯಲ್ಲಿ ಬೆಚ್ಚಗಿರುತ್ತದೆಂದು ಅಲ್ಲಿಗೆ ಹೋಗಿ ಓದದ ಪತ್ರಿಕೆ ತಿರುವುವುದು. ಭಾನುವಾರ ಇಗರ್ಜಿಯ ಪೂಜೆಯಲ್ಲಿ ಪಕ್ಕದವರ ಕೈ ಕುಲುಕಿ ಶಾಂತಿ ಕೋರುವ ಹೊತ್ತು ಬರುತ್ತದೆ. ಒಂದೊಂದು ವಾರ, ಅಲ್ಲಿಯವರೆಗೆ ನನ್ನ ಕೈಯನ್ನು ಒಂದು ಜೀವವೂ ಮುಟ್ಟಿರುತ್ತಿರಲಿಲ್ಲ. ಅಂಥವಳ ಕೈಯನ್ನು ಮೊದಲ ಶನಿವಾರ ಎಸ್ಕಲೇಟರಿನ ಹತ್ತಿರ ಪುಟ್ಟಿ ಹೆದರಿ ಹಿಡಿದುಕೊಂಡಳು. ಹತ್ತಿ ಮೇಲೆ ಬಂದ ಮೇಲೂ ಬಿಡಲಿಲ್ಲ. ಅವಳಿಗೆ ಮರೆತುಹೋಗಿತ್ತೋ ಏನೋ, ನಾನು ನೆನಪಿಸಲೂ ಇಲ್ಲ.

ಸಾಮಾನ್ಯವಾಗಿ ನಮ್ಮವರು ಲಂಡನ್ ನೋಡುವ ಕ್ರಮ ನಿಮಗೆ ಗೊತ್ತಿರಬಹುದು. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ದೊಡ್ಡ ಗಡಿಯಾರ, ಅರಮನೆ, ಕೋಟೆ, ಸೇತುವೆ, ಮೇಣದ ಬೊಂಬೆ ಎಲ್ಲವನ್ನೂ ಕತ್ತಲಾಗುವುದರೊಳಗೆ ಮುಗಿಸಿ, ಕಾಲು ಊದಿಸಿಕೊಂಡು, ಯಾವುದು ಎಲ್ಲಿತ್ತೆಂದು ತಿಳಿಯದೆ ಮನೆಗೆ ಬರುವುದು. ಸುಮಾಳ ಲೆಕ್ಕಾಚಾರವೂ ಹಾಗೇ ಇತ್ತು. ಮೊದಲ ಶನಿವಾರ ಗಡಿಯಾರದ ಕೆಳಗೆ ನಿಂತು, ಮುಂದೆ ಎಲ್ಲಿಗೆ ಅಕ್ಕ ಎಂದಳು. ಅಷ್ಟರಲ್ಲಿ ನನ್ನ ತಲೆಯೊಳಗೆ ಒಂದು ಯೋಚನೆ ಬಂದು ಹೋಗಿತ್ತು. ಲಂಡನ್ ಎಷ್ಟೇ ದೊಡ್ಡದಾಗಿರಲಿ, ನೋಡುತ್ತಾ ಹೋದರೆ ಮುಗಿಯುವಂಥದ್ದು. ಇವತ್ತೇ ಎಲ್ಲ ತೋರಿಸಿಬಿಟ್ಟರೆ ಮುಂದಿನ ಶನಿವಾರ ಲಾಂಡ್ರಿಯೇ ಗತಿ.

"ಒಂದು ಶನಿವಾರಕ್ಕೆ ಒಂದೇ ಜಾಗ," ಎಂದೆ. "ಜಾಸ್ತಿ ತೋರಿಸಿದರೆ ಮಕ್ಕಳಿಗೆ ತಲೆ ತಿರುಗ್ತದೆ, ಜ್ವರ ಬರ್ತದೆ. ಇಲ್ಲಿಯ ಹವೆ ಹಾಗೆ."

ಇಲ್ಲಿಯ ಹವೆಯ ಮೇಲೆ ಏನು ಹೇಳಿದರೂ ಹೊಸಬರು ನಂಬುತ್ತಾರೆ. ಅಂದಿನಿಂದ ನಾನು ಲಂಡನ್ನನ್ನು, ನಮ್ಮಮ್ಮ ಮಳೆಗಾಲಕ್ಕೆ ಒಣಮೀನು ಉಳಿಸಿದ ಹಾಗೆ, ಹದವಾಗಿ ಬಡಿಸತೊಡಗಿದೆ. ಗಡಿಯಾರವನ್ನು ಒಂದು ವಾರ ಸೇತುವೆಯ ಮೇಲಿನಿಂದ ತೋರಿಸಿದೆ, ಇನ್ನೊಂದು ವಾರ ನದಿಯ ಆಚೆ ದಡದಿಂದ. ಆಚೆ ದಡದಿಂದ ನೋಡದಿದ್ದರೆ ನೋಡಿದ ಹಾಗೇ ಅಲ್ಲ ಎಂದೆ. ಅರಮನೆಗೆ ಹೋದ ದಿನ ಪಕ್ಕದಲ್ಲೇ ಇರುವ ಪಾರ್ಕಿನ ಕಡೆಗೆ ಮಕ್ಕಳ ಮುಖ ತಿರುಗದ ಹಾಗೆ ನೋಡಿಕೊಂಡೆ. ಪಾರ್ಕು ಬೇರೆಯೇ ಒಂದು ಶನಿವಾರದ ಬಾಬತ್ತು. ಡೈನೋಸಾರಿನ ಎಲುಬು ಇಟ್ಟಿರುವ ಮ್ಯೂಸಿಯಂ ನನ್ನ ಕೈಯಲ್ಲಿ ಮೂರು ವಾರ ಬಂತು. ಸಿಂಹಗಳ ಚೌಕದಲ್ಲಿ ಆಗ ಪಾರಿವಾಳಗಳಿಗೆ ಕಾಳು ಹಾಕಲು ಬಿಡುತ್ತಿದ್ದರು. ಪುಟ್ಟಿಯ ತಲೆಯ ಮೇಲೊಂದು, ಎರಡು ಕೈಗೆ ಎರಡೆರಡು ಕೂತು ಅವಳು ಹೆದರಿಕೆಗೂ ಖುಷಿಗೂ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಚಳಿ ಬಂತು, ಕತ್ತಲು ಬೇಗ ಆಗತೊಡಗಿತು, ಹೊಸ ವರ್ಷವೂ ಬಂತು. ಕಂಪ್ಯೂಟರುಗಳು ನಿಲ್ಲಲಿಲ್ಲ. ನಮ್ಮ ಶನಿವಾರಗಳೂ ನಿಲ್ಲಲಿಲ್ಲ.

ಟಿಕೆಟಿನದೊಂದು ವಿಷಯ ಹೇಳಬೇಕು. ಆಗ ಫ್ಯಾಮಿಲಿ ಟಿಕೆಟ್ ಎಂದು ಒಂದಿತ್ತು. ಇಬ್ಬರು ದೊಡ್ಡವರು, ಜೊತೆಗೆ ಮಕ್ಕಳು ಇದ್ದರೆ ದಿನವಿಡೀ ಬಸ್ಸು ಟ್ಯೂಬುಗಳಲ್ಲಿ ಓಡಾಡಬಹುದು. ಮೊದಲ ಸಲ ಕಿಟಕಿಯ ಹಿಂದಿನವನು ಫ್ಯಾಮಿಲಿಯಾ ಎಂದು ಕೇಳಿದಾಗ ನಾನು ಸುಳ್ಳು ಹೇಳಬಾರದೆಂದು, ಅಲ್ಲ, ನಾನು ಪರಿಚಯದವಳು ಅಷ್ಟೇ ಎಂದೆ. ಅವನು ನನ್ನ ಮುಖ ನೋಡಿ, ಸಂಬಂಧಿಕರೇ ಆಗಬೇಕೆಂದಿಲ್ಲಮ್ಮ, ದಿನವಿಡೀ ಒಟ್ಟಿಗೆ ಪ್ರಯಾಣ ಮಾಡಿದರೆ ಸಾಕು, ಒಬ್ಬರನ್ನೊಬ್ಬರು ಬಿಟ್ಟು ಹೋಗಬಾರದು ಎಂದ. ನಾನು ಅದನ್ನು ಶಿಸ್ತಿನಿಂದ ಪಾಲಿಸಿದೆ. ರೈಲಿನಿಂದ ಎಲ್ಲರೂ ಇಳಿದರೋ ಎಂದು ತಿರುಗಿ ನೋಡುವುದು ಶುರುವಾದದ್ದು ಆಗಲೇ.

ಒಂದು ಶನಿವಾರ ದೊಡ್ಡ ಗುಮ್ಮಟದ ಇಗರ್ಜಿಗೆ ಹೋದೆವು. ಅದು ನಮ್ಮ ಪಂಗಡದ್ದಲ್ಲ, ಆದರೂ ದೇವರ ಮನೆ. ನಾನು ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಮೂವರೂ ಮೆಟ್ಟಿಲಿನ ಬುಡದಲ್ಲಿ ಕುಳಿತು ಬೂಟು ಬಿಚ್ಚುತ್ತಿದ್ದಾರೆ! ಸುಮಾ ಮೂರು ಜೊತೆಯನ್ನೂ ಗೋಡೆಯ ಬದಿಗೆ ಸಾಲಾಗಿ ಇಟ್ಟು, ಮೇಲೆ ತನ್ನ ಸ್ಕಾರ್ಫ್ ಹೊದಿಸಿ, ಕಾಲ್ಚೀಲದಲ್ಲೇ ಮೆಟ್ಟಿಲು ಹತ್ತಿ ಬಂದಳು. ದೇವಸ್ಥಾನಕ್ಕೆ ಬಂದವರು ಮಾಡುವುದನ್ನೇ ಅವರು ಮಾಡಿದ್ದರು. ಇಲ್ಲಿ ಹಾಗೆ ಮಾಡುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪುಟ್ಟಿ ನನ್ನ ಕಾಲು ನೋಡಿ, ಆಂಟಿ ಇನ್ನೂ ಬೂಟು ತೆಗೆದಿಲ್ಲ ಎಂದು ಅಮ್ಮನಿಗೆ ದೂರು ಹೇಳಿದಳು. ನಾನೂ ಕೆಳಗಿಳಿದು ಬಿಚ್ಚಿ ಆ ಸಾಲಿಗೆ ಇಟ್ಟೆ. ನಲವತ್ತಾರು ವರ್ಷ ಪೂಜೆಗೆ ಹೋದವಳು ಬೂಟಿಲ್ಲದೆ ಇಗರ್ಜಿಯೊಳಗೆ ನಡೆದದ್ದು ಅದೇ ಮೊದಲು. ಕಲ್ಲು ಅಂಗಾಲಿಗೆ ಐಸಿನಂತೆ ತಾಗುತ್ತಿತ್ತು. ಆದರೆ ಪೂಜೆಯೂ ಹಾಡೂ ಇಲ್ಲದ ಆ ಹೊತ್ತಿನಲ್ಲಿ ನನಗೆ ಬಂದಷ್ಟು ಭಕ್ತಿ ಎಷ್ಟೋ ಹಬ್ಬಗಳಲ್ಲಿ ಬಂದಿರಲಿಲ್ಲ. ಹೊರಗೆ ಬಂದಾಗ ನಮ್ಮ ನಾಲ್ಕು ಜೊತೆ ಬೂಟಿನ ಸುತ್ತ ಜನ ನಿಂತಿದ್ದರು. ಕಾವಲಿನವನು ಯಾರೂ ಹತ್ತಿರ ಬರಬೇಡಿ ಎಂದು ಕೈ ಅಗಲಿಸಿದ್ದ. ವಾರಸುದಾರರಿಲ್ಲದ ಸಾಮಾನು ಕಂಡರೆ ಬಾಂಬೆಂದು ನಡುಗುವ ಊರು ಇದು. ಸುಮಾ ನೇರವಾಗಿ ಹೋಗಿ ಕುಳಿತು ಬೂಟು ಹಾಕಿಕೊಂಡಳು. ಕಾವಲಿನವನು ಕ್ಷಮೆ ಕೇಳಿದ, ಯಾಕೆಂದು ಅವನಿಗೇ ಗೊತ್ತಿರಲಿಲ್ಲ.

ಊಟದ ವಿಷಯಕ್ಕೆ ನಾನು ಮೊದಮೊದಲು ಬಹಳ ಹುಷಾರಾಗಿದ್ದೆ. ಅವರು ಸಸ್ಯಾಹಾರಿಗಳು, ನನ್ನ ಅಡುಗೆಮನೆಯ ಕತೆ ನಿಮಗೆ ಗೊತ್ತೇ ಇದೆ. ಅವಳು ಪುಳಿಯೋಗರೆ, ಮೊಸರನ್ನ ತರುತ್ತಿದ್ದಳು, ನಾನು ಅಂಗಡಿಯ ಬಿಸ್ಕತ್ತು, ಬಾಳೆಹಣ್ಣು ತರುತ್ತಿದ್ದೆ. ಆಮೇಲೊಮ್ಮೆ ಹೊಸ ಡಬ್ಬಿ, ಹೊಸ ಪಾತ್ರೆ ತಂದು ಅದರಲ್ಲೇ ಸಣ್ಣಾಸು ಮಾಡಿಕೊಂಡು ಹೋದೆ. ನಮ್ಮ ಕಡೆಯ ಇಡ್ಲಿ ಎನ್ನಿ, ಸ್ವಲ್ಪ ಮೆತ್ತಗೆ, ಸ್ವಲ್ಪ ಸಿಹಿ. ಆದರೆ ತೆಗೆಯಲು ಧೈರ್ಯ ಸಾಲದೆ ಡಬ್ಬಿ ಚೀಲದಲ್ಲೇ ಉಳಿಯಿತು. ಬಿಸ್ಕತ್ತಿಗಾಗಿ ಚೀಲಕ್ಕೆ ಕೈಹಾಕಿದ ನಿಖಿಲ ಅದನ್ನು ಹೊರಗೆಳೆದ.

"ಹೊಸ ಪಾತ್ರೆಯಲ್ಲೇ ಮಾಡಿದ್ದು," ಎಂದೆ. "ಮೀನು ಗೀನು ಎಂತದೂ ತಾಗಿಸ್ಲಿಲ್ಲ."

"ಅಕ್ಕಾ, ನಾನು ಕೇಳಿದ್ನಾ?" ಎಂದು ಸುಮಾ ಡಬ್ಬಿ ಕಸಿದುಕೊಂಡು ಮೂರು ತಿಂದಳು. ಅಂದು ಮನೆಗೆ ಹೋಗಿ ಖಾಲಿ ಡಬ್ಬಿ ತೊಳೆಯುವಾಗ ಒಬ್ಬಳೇ ಹಾಡಿಕೊಂಡೆ. ಗೋಡೆಯಾಚೆಯವರು ಗೋಡೆಗೆ ಬಡಿದರು.

ಇಷ್ಟೆಲ್ಲ ಹದವಾಗಿ ಬಡಿಸಿದರೂ ವಸಂತ ಬರುವ ಹೊತ್ತಿಗೆ ಲಂಡನ್ ತಳ ಕಾಣತೊಡಗಿತು. ಒಂದು ಜಾಗವನ್ನು ಮಾತ್ರ ನಾನು ಮೊದಲಿನಿಂದ ಮುಟ್ಟದೆ ಇಟ್ಟಿದ್ದೆ, ಅದು ಗ್ರಿನಿಚ್. ದೋಣಿಯಲ್ಲಿ ಹೋಗಬೇಕು, ಗುಡ್ಡ ಹತ್ತಬೇಕು. ಭೂಮಿಯನ್ನು ಪೂರ್ವ ಪಶ್ಚಿಮ ಎಂದು ಸೀಳುವ ಗೆರೆ ಅಲ್ಲಿದೆ, ಈ ಕಡೆ ಒಂದು ಕಾಲು ಆ ಕಡೆ ಒಂದು ಕಾಲು ಇಟ್ಟು ನಿಲ್ಲಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಒಂದು ಹಳೆಯ ಕಟ್ಟಡದ ಮಾಡಿನ ಮೇಲೊಂದು ಕಂಬ, ಕಂಬಕ್ಕೊಂದು ದೊಡ್ಡ ಕೆಂಪು ಚೆಂಡು. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಆ ಚೆಂಡು ಜಾರಿ ಬೀಳುತ್ತದೆ. ಹಿಂದೆ ನದಿಯಲ್ಲಿದ್ದ ಹಡಗಿನವರು ಅದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಅದರ ಬಗ್ಗೆ ನಾನು ಮಕ್ಕಳಿಗೆ ಏನೂ ಹೇಳಿರಲಿಲ್ಲ. ಕೊನೆಯಲ್ಲೊಂದು ಇದೆ, ಅದನ್ನು ನೋಡಿದರೆ ಉಳಿದದ್ದೆಲ್ಲ ಮರೆತುಹೋಗುತ್ತದೆ, ಬಿಸಿಲು ಬರಲಿ ಎಂದಷ್ಟೇ ಹೇಳುತ್ತಾ ಬಂದಿದ್ದೆ. ಬಿಸಿಲು ಎಷ್ಟೋ ಸಲ ಬಂತು. ಇದು ಸಾಲದು ಎನ್ನುತ್ತಿದ್ದೆ.

ಅಷ್ಟರಲ್ಲಿ ಸುಮಾ ಒಂದು ದಿನ ಪಾರ್ಕಿನ ಬೆಂಚಿನಲ್ಲಿ ಕೂತು ಸುದ್ದಿ ಹೇಳಿದಳು. ಪ್ರಸನ್ನರಿಗೆ ಇಲ್ಲೇ ಕಾಯಂ ಕೆಲಸವಾಗಿದೆ, ಆಫೀಸು ಊರಿನ ಪೂರ್ವ ಭಾಗದಲ್ಲಿ, ಅದಕ್ಕೆ ಹತ್ತಿರವಾಗಲೆಂದು ಇಲ್ಫರ್ಡಿನಲ್ಲಿ ಮನೆ ನೋಡಿದ್ದೇವೆ, ತಿಂಗಳೊಳಗೆ ಹೋಗುತ್ತೇವೆ. ಹೌನ್ಸ್ಲೋ ಲಂಡನ್ನಿನ ಒಂದು ತುದಿ, ಇಲ್ಫರ್ಡ್ ಇನ್ನೊಂದು ತುದಿ. ಒಳ್ಳೆಯದಾಯಿತು, ದೊಡ್ಡ ಮನೆ, ಮಕ್ಕಳಿಗೆ ಹಿತ್ತಲು ಇರುತ್ತದೆ ಎಂದೆಲ್ಲ ನಾನು ಹೇಳಿದೆ. ನಾನು ಅವರಿಗೆ ಊರು ತೋರಿಸುವವಳು, ನೆಂಟಳಲ್ಲ. ತೋರಿಸಲು ಉಳಿದಿದ್ದದ್ದು ಒಂದೇ ಜಾಗ. ಅದು ಮುಗಿದರೆ ನನ್ನ ಮನೆಗೆ ಫೋನ್ ಮಾಡಲು ಅವರಿಗೆ ಕಾರಣವಾದರೂ ಏನಿರುತ್ತದೆ?

ಗ್ರಿನಿಚ್ಚಿಗೆ ಹೋದ ಶನಿವಾರ ಪ್ರಸನ್ನ ಸಾಮಾನು ಕಟ್ಟುತ್ತಾ ಮನೆಯಲ್ಲೇ ಉಳಿದರು. ನಾವು ನಾಲ್ವರೇ ಗಡಿಯಾರದ ಕೆಳಗಿನ ಧಕ್ಕೆಯಿಂದ ದೋಣಿ ಹತ್ತಿದೆವು. ನನ್ನ ಲಂಡನ್ನೆಲ್ಲ ಎರಡೂ ದಡದಲ್ಲಿ ಹಿಂದಕ್ಕೆ ಸರಿಯುತ್ತಾ ಹೋಯಿತು. ಒಂದೊಂದು ಶನಿವಾರವನ್ನು ನುಂಗಿದ ಜಾಗಗಳು ಎರಡೆರಡು ನಿಮಿಷದಲ್ಲಿ ದಾಟಿಹೋದವು. ಗ್ರಿನಿಚ್ಚಿನಲ್ಲಿ ಇಳಿದು ಗುಡ್ಡ ಹತ್ತುವಾಗ ಪುಟ್ಟಿ ಎಲ್ಲರಿಗಿಂತ ಮುಂದೆ ಓಡಿದಳು. ದಾರಿ ಎರಡಾಗುವ ಕಡೆ ನಿಂತು ಯೋಚಿಸದೆ ಸರಿಯಾದ ಕಡೆಗೇ ತಿರುಗಿದಳು. ಜಾಣೆ ಎಂದುಕೊಂಡೆ. ಮೇಲೆ ನಿಖಿಲ ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು, ಅದ್ಭುತ, ನಂಬಲಿಕ್ಕೇ ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿದ. ಹೇಳಿ ಅಮ್ಮನ ಮುಖ ನೋಡಿದ. ಒಂಬತ್ತು ವರ್ಷದ ಹುಡುಗ ಒಂದು ಗೆರೆಗೆ ಅಷ್ಟು ಬೆರಗಾಗುವುದು ಹೆಚ್ಚಾಯಿತು ಎಂದು ನನಗೆ ಆಗ ಅನಿಸಲಿಲ್ಲ. ನಾನು ಉಳಿಸಿಟ್ಟದ್ದು ಸಾರ್ಥಕವಾಯಿತು ಎಂದು ಬೀಗಿದೆ.

ಒಂದು ಗಂಟೆಗೆ ಸ್ವಲ್ಪ ಮೊದಲು ಎಲ್ಲರನ್ನೂ ಹುಲ್ಲಿನ ಮೇಲೆ ಕೂರಿಸಿದೆ. ಮೇಲೆ ನೋಡುತ್ತಾ ಇರಿ, ಯಾಕೆಂದು ಹೇಳುವುದಿಲ್ಲ ಎಂದೆ. ಪುಟ್ಟಿ ಬಂದು ನನ್ನ ತೊಡೆಯ ಮೇಲೆ ಕೂತಳು. ಸುಮಾ ಆಚೆ ತಿರುಗಿ ಡಬ್ಬಿಗಳನ್ನು ಬಿಚ್ಚುತ್ತಿದ್ದಳು. ಹೊರಗೆಲ್ಲ ಇಂಗ್ಲಿಷೇ ಆಡುವ ಪುಟ್ಟಿ ಗುಟ್ಟು ಹೇಳುವಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದಳು. ನನ್ನ ಕಿವಿಗೆ ಬಾಯಿ ತಾಗಿಸಿ ಹೇಳಿದಳು.

"ಈಗ ಬಾಲ್ ಬೀಳತ್ತೆ. ನಾನು ಯಾರಿಗೂ ಹೇಳಲ್ಲ. ನಮಗೆ ಗೊತ್ತೇ ಇಲ್ಲ ಅನ್ನೋ ಥರ ಇರ್ಬೇಕು ಅಂತ ಅಮ್ಮ ಹೇಳಿದಾಳೆ."

ಯಾವಾಗ ನೋಡಿದಿರಿ ಮಗಾ ಎಂದು ನಾನೂ ಪಿಸುಗುಟ್ಟಿದೆ. ಡ್ಯಾಡಿ ಕಾರು ತೆಗೆದುಕೊಂಡ ಮೇಲೆ, ಭಾನುವಾರ ಭಾನುವಾರ, ಎಲ್ಲಾ ನೋಡಿದ್ದೇವೆ ಎಂದಳು. ಎಲ್ಲಾ ಎಂದರೆ ಯಾವುದೆಲ್ಲ ಎಂದು ನಾನು ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಪೂಜೆಯಲ್ಲಿರುತ್ತೇನೆ, ಆಮೇಲೆ ನನಗೆ ಪಾಳಿ. ಹಾಗಾದರೆ ಕೋಟೆ? ಹಾಗಾದರೆ ನಾನು ಮೂರು ವಾರ ಎಳೆದ ಡೈನೋಸಾರು? ಆಚೆ ದಡದಿಂದ ನೋಡಿದ ಗಡಿಯಾರ? ನಿಖಿಲ ಕೋಟೆಯ ಕಾಗೆಗಳನ್ನು ನೋಡಿ ಬಾಯಿ ಬಿಟ್ಟದ್ದು ನೆನಪಾಗಿ ಮುಖ ಬಿಸಿಯಾಯಿತು. ನಾನು ಅವರಿಗೆ ಲಂಡನ್ನನ್ನು ಉಳಿಸಿ ಉಳಿಸಿ ಬಡಿಸುತ್ತಿದ್ದೇನೆಂದು ತಿಳಿದಿದ್ದೆ. ಅವರು ಊಟ ಮಾಡಿಯೇ ಬಂದು, ನನಗಾಗಿ ಮತ್ತೆ ಎಲೆ ಹಾಕಿಸಿಕೊಂಡು ಕೂತಿದ್ದರು. ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಹೀಗೆ ಕನಿಕರಕ್ಕೆ ಗುರಿಯಾದೆನಲ್ಲ ಎಂದು. ಆದರೆ ತಂಗಿಯರು ಕೂಡ ನೋಡದ ನನ್ನ ಒಂಟಿತನವನ್ನು ಈ ಮೈಸೂರಿನ ಹುಡುಗಿ ನೋಡಿ, ಬಾಯಿ ಬಿಡದೆ, ತಿಂಗಳುಗಟ್ಟಲೆ ಮಕ್ಕಳ ಶನಿವಾರಗಳನ್ನು ನನಗೆ ಕೊಟ್ಟಿದ್ದಳು. ಅದು ತಿಳಿದಾಗ ಅಳು ಬಂತು.

ಅಷ್ಟರಲ್ಲಿ ಚೆಂಡು ಬಿತ್ತು. ನಿಖಿಲ ಕೂಗಿದ, ಪುಟ್ಟಿ ಚಪ್ಪಾಳೆ ತಟ್ಟಿದಳು, ಸುಮಾ ಡಬ್ಬಿಯಿಂದ ತಲೆ ಎತ್ತಿ ಅಯ್ಯೋ ದೇವರೇ ಎಂದಳು. ಮೂವರೂ ಬಹಳ ಚೆನ್ನಾಗಿ ಬೆರಗಾದರು. ಎಷ್ಟೋ ಸಲ ಆ ಚೆಂಡು ಬಿದ್ದದ್ದನ್ನು ನೋಡಿದ್ದ ನಾನೂ ಬೆರಗಾದೆ.

ವಾಪಸು ಬರುವಾಗ ದೋಣಿಯಲ್ಲಿ ಮಕ್ಕಳು ಕಂಬಿ ಹಿಡಿದು ನೀರು ನೋಡುತ್ತಿದ್ದರು. ಸುಮಾ ನನ್ನ ಪಕ್ಕಕ್ಕೆ ಬಂದು ಕೂತಳು. ನಾನು ತಿಳಿದುಕೊಂಡದ್ದು ಅವಳಿಗೆ ತಿಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. "ಇಷ್ಟು ದಿನ ನೀವು ತೋರಿಸಿದ್ರಿ ಅಕ್ಕ," ಎಂದಳು. "ಇನ್ನು ನಮ್ಮ ಸರದಿ. ಮನೆ ಸೆಟ್ಲ್ ಆದ್ಮೇಲೆ ಬನ್ನಿ, ನಾವು ನಿಮ್ಗೆ ಇಲ್ಫರ್ಡ್ ತೋರಿಸ್ತೀವಿ. ನೀವು ಆ ಕಡೆ ಬಂದಿದ್ದೀರಾ?"

ಕೊಲ್ಲಿಯ ಮನೆ ಬಿಟ್ಟ ಮೇಲೆ ಮೊದಲ ಎರಡು ವರ್ಷ ನಾನು ಇದ್ದದ್ದು ಇಲ್ಫರ್ಡಿನಲ್ಲೇ. ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಕೋಣೆ. ಅಂಗಡಿಯವರ ಕೂಸನ್ನು ಗಾಡಿಯಲ್ಲಿ ಹಾಕಿಕೊಂಡು ಆ ಊರಿನ ಒಂದೊಂದು ಬೀದಿಯನ್ನೂ ತಿರುಗಿದವಳು ನಾನು. ಆ ಕತೆ ಸುಮಾಳಿಗೆ ಎಂದೂ ಹೇಳಿರಲಿಲ್ಲ.

"ಇಲ್ಲ ಮಾರಾಯ್ತಿ," ಎಂದೆ. "ಆ ಕಡೆ ನಾನು ಕಾಲಿಟ್ಟದ್ದೇ ಇಲ್ಲ."

ಎರಡು ತಿಂಗಳು ಕಳೆದು ಹೋದೆ. ನಿಲ್ದಾಣಕ್ಕೆ ಮೂವರೂ ಬಂದಿದ್ದರು. ಪುಟ್ಟಿ ನನ್ನ ಕೈ ಹಿಡಿದು, ಇದು ಲೈಬ್ರರಿ, ಇದು ನನ್ನ ಶಾಲೆ, ಇದು ತರಕಾರಿ ಅಂಗಡಿ, ಇಲ್ಲಿ ಕೊತ್ತಂಬರಿ ಸಿಗುತ್ತದೆ ಎಂದು ತೋರಿಸುತ್ತಾ ಹೋದಳು. ನಾನು ಹೌದಾ ಎಂದೆ. ನಾನಿದ್ದ ಕೋಣೆಯ ಕಿಟಕಿಯ ಕೆಳಗೆ ನಿಲ್ಲಿಸಿ, ಇಲ್ಲಿ ಮೊದಲು ಬಟ್ಟೆ ಅಂಗಡಿ ಇತ್ತಂತೆ, ಈಗ ಮೊಬೈಲ್ ಅಂಗಡಿ ಎಂದು ನಿಖಿಲ ವಿವರಿಸಿದ. ಹೌದಾ ಎಂದೆ. ಸುಮಾಳ ಸಂಭ್ರಮಕ್ಕೆ ಮಿತಿಯೇ ಇರಲಿಲ್ಲ. ಒಂದು ದಿನಕ್ಕೆ ಒಂದೇ ಜಾಗ ಎಂಬ ನನ್ನ ನಿಯಮ ಅವಳಿಗೆ ಅಂದು ಮರೆತೇಹೋಗಿತ್ತು. ಶಾಲೆ, ಮಾರ್ಕೆಟ್ಟು, ಹೊಸ ಮನೆಯ ಹಿತ್ತಲು, ಪಕ್ಕದ ಬೀದಿಯ ದೇವಸ್ಥಾನ ಎಲ್ಲ ಊಟಕ್ಕೆ ಮೊದಲೇ ಆಯಿತು. ಊಟವಾದದ್ದೇ ಪಾರ್ಕಿಗೆ ಹೊರಡಿಸಿದಳು. ಅಲ್ಲಿ ದೊಡ್ಡ ಕೆರೆ. ಈ ದಡದಲ್ಲಿ ಒಂದಿಷ್ಟು ನಡೆದ ಮೇಲೆ ನಾನು ಬೆಂಚಿನಲ್ಲಿ ಕೂತುಬಿಟ್ಟೆ. ಕೆರೆಯ ಆಚೆ ಬದಿ ಇವತ್ತು ಬೇಡ, ಕಾಲು ನೋಯುತ್ತದೆ, ಅದು ಇನ್ನೊಂದು ಶನಿವಾರಕ್ಕೆ ಇರಲಿ ಎಂದೆ.

ಸುಮಾ ನನ್ನ ಎರಡೂ ಕೈ ಹಿಡಿದು ಎಬ್ಬಿಸಿದಳು.

"ಅಯ್ಯೋ ಅಕ್ಕ, ಇಷ್ಟು ದೂರ ಬಂದಿದ್ದೀರಿ, ಮತ್ತೆ ಯಾವಾಗ ಬರ್ತೀರೋ ಏನೋ. ಇವತ್ತೇ ಪೂರ್ತಿ ನೋಡ್ಬಿಡಿ."

ಅವಳ ಕೈ ಬೆಚ್ಚಗಿತ್ತು, ಮಾತಿನಲ್ಲಿ ಅಕ್ಕರೆಯಲ್ಲದೆ ಬೇರೇನೂ ಇರಲಿಲ್ಲ. ಮಕ್ಕಳು ಆಗಲೇ ಮುಂದೆ ಓಡುತ್ತಿದ್ದರು. ಎದ್ದು ಹೋಗಿ ಕೆರೆಯನ್ನು ಪೂರ್ತಿ ಒಂದು ಸುತ್ತು ಬಂದೆ.